1000 ಮೀಟರ್ ಈಜಬಲ್ಲೆ, ವೇಗ ಮಾತ್ರ ಏರುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ತಡವಾಗಿ ನೀರಿಗಿಳಿದವ

ಎಲ್ಲರಿಗೂ ನಮಸ್ಕಾರ. ವಯಸ್ಸು 39. ಈಜು ಕಲಿತದ್ದು ಹೋದ ವರ್ಷ. ಅದಕ್ಕೂ ಮುಂಚೆ ಸೊಂಟದ ಮಟ್ಟದ ನೀರು ದಾಟಿದವನೇ ಅಲ್ಲ. ಈಗ 25 ಮೀಟರ್ ಪೂಲ್‌ನಲ್ಲಿ ನಿಲ್ಲದೆ 1000 ಮೀಟರ್ ಫ್ರೀಸ್ಟೈಲ್ ಮಾಡುತ್ತೇನೆ. ಅದು ಮೊದಲ ಸಲ ಆದ ದಿನ ಮನೆಯಲ್ಲಿ ಎಲ್ಲರಿಗೂ ಎರಡೆರಡು ಸಲ ಹೇಳಿದ್ದೆ.

ಆಮೇಲೆ ಶುರುವಾಯಿತು ತಲೆನೋವು. 1000 ಮೀಟರ್‌ಗೆ ಸರಿಯಾಗಿ 30 ನಿಮಿಷ ಹಿಡಿಯುತ್ತದೆ. ಐದು ತಿಂಗಳಿಂದ ಅಲ್ಲೇ ನಿಂತಿದೆ. ವಾರಕ್ಕೆ ಮೂರು ದಿನ, ಪ್ರತಿ ದಿನ ಅದೇ 40 ಲ್ಯಾಪ್. ಮೊದಲ 100 ಮೀಟರ್ 2:25ಕ್ಕೆ ಮುಗಿಯುತ್ತದೆ. ಎರಡನೇ ನೂರು 2:45. ಅಲ್ಲಿಂದಾಚೆ ಎಲ್ಲವೂ 3:06ರ ಆಸುಪಾಸು. ಉಸಿರು ಸಾಲುವುದಿಲ್ಲ. ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಪಕ್ಕದ ಲೇನ್‌ನಲ್ಲಿ ಅರವತ್ತು ದಾಟಿದ ಹಿರಿಯರೊಬ್ಬರು ಬರುತ್ತಾರೆ. ನಾನು ಎರಡು ಸಲ ಕೈ ಹಾಕುವಷ್ಟರಲ್ಲಿ ಅವರು ಒಂದೇ ಸಲ ಹಾಕಿ ನನ್ನನ್ನು ದಾಟಿ ಹೋಗುತ್ತಾರೆ.

ಜಿಮ್ ಸೇರಬೇಕಾ? ಇನ್ನೂ ಜಾಸ್ತಿ ಈಜಬೇಕಾ? ಅಥವಾ ಈ ವಯಸ್ಸಿಗೆ ಇಷ್ಟೇನಾ?

ಲೇನ್ ನಂಬರ್ ಆರು

ಜಿಮ್ ಸೇರಿ. ನೀರು ಎಳೆಯುವುದು ಭುಜ ಮತ್ತು ಬೆನ್ನು. ಅಲ್ಲಿ ಬಲ ಬಂದರೆ ವೇಗ ತಾನಾಗಿ ಬರುತ್ತದೆ.

ಹಳೇ ಮೀನು

ಜಿಮ್ ಬೇಡ ಅನ್ನುವುದಿಲ್ಲ, ಆದರೆ ಇವರ ರೋಗಕ್ಕೆ ಅದು ಮದ್ದಲ್ಲ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಈಜುವ ವೇಗ ಎರಡರಷ್ಟಾದರೆ ನೀರಿನ ತಡೆ ಸುಮಾರು ನಾಲ್ಕರಷ್ಟಾಗುತ್ತದೆ. ಅದಕ್ಕೆ ಹಾಕಬೇಕಾದ ಶಕ್ತಿ ಎಂಟರಷ್ಟು. ಅಷ್ಟೆಲ್ಲ ಬೇಡ, ನೂರಕ್ಕೆ ಹತ್ತು ವೇಗ ಏರಿಸಬೇಕು ಅಂದರೂ ಮೂರನೇ ಒಂದರಷ್ಟು ಹೆಚ್ಚು ಶಕ್ತಿ ಬೇಕು. ಅಷ್ಟು ಬಲ ಬರುವವರೆಗೆ ಡಂಬಲ್ ಎತ್ತುತ್ತಾ ಕೂರುತ್ತೀರಾ? ಮೈಯನ್ನು ನೀರಿಗೆ ಅಡ್ಡ ಹಿಡಿಯುವುದನ್ನು ಬಿಟ್ಟರೆ ಅದೇ ವೇಗ ಪುಕ್ಕಟೆ ಸಿಗುತ್ತದೆ.

ನನಗೆ ಮೂರು ವಿಷಯ ಬೇಕು. ಒಂದು ಲ್ಯಾಪ್‌ಗೆ ಎಷ್ಟು ಸ್ಟ್ರೋಕ್? ಎರಡೂ ಕೈ ಎಣಿಸಿ. ಮೊದಲ ಲ್ಯಾಪ್‌ನಲ್ಲೂ ಎಣಿಸಿ, ಇಪ್ಪತ್ತನೆಯದರಲ್ಲೂ ಎಣಿಸಿ. ತೊಡೆ ನಡುವೆ ಪುಲ್ ಬಾಯ್ (ತೇಲುವ ಫೋಮ್ ತುಂಡು) ಇಟ್ಟುಕೊಂಡರೆ ವೇಗ ಹೆಚ್ಚುತ್ತದಾ, ಕಡಿಮೆಯಾಗುತ್ತದಾ? ಕೊನೆಯದು, ಉಸಿರು ಎಲ್ಲಿ ಬಿಡುತ್ತೀರಿ?

ತಡವಾಗಿ ನೀರಿಗಿಳಿದವ

ಮೊದಲೆರಡನ್ನು ನಾಳೆ ನೋಡಿ ಹೇಳುತ್ತೇನೆ. ಕೊನೆಯದು ಅರ್ಥವಾಗಲಿಲ್ಲ. ಉಸಿರು ಬಿಡುವುದು ಮುಖ ಹೊರಗೆ ಬಂದಾಗ ತಾನೇ?

ಹಳೇ ಮೀನು

ಸಿಕ್ಕಿಬಿದ್ದಿರಿ.

ಬೆಳಗಿನ ಬ್ಯಾಚ್

ಪಾಪ, ಹೀಗೆ ಹೆದರಿಸಬೇಡಿ. ನಾನೂ 41ಕ್ಕೆ ಕಲಿತವಳು. ಇದೇ ತಪ್ಪನ್ನು ಒಂದಿಡೀ ವರ್ಷ ಮಾಡಿದ್ದೇನೆ, ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಮುಖ ಹೊರಗೆ ಬರುವ ಸಮಯ ಒಂದು ಸೆಕೆಂಡೂ ಇಲ್ಲ. ಅಷ್ಟರಲ್ಲಿ ಹಳೇ ಉಸಿರು ಬಿಟ್ಟು ಹೊಸದು ಎಳೆದುಕೊಳ್ಳಬೇಕು ಅಂದರೆ ಎರಡೂ ಅರ್ಧಂಬರ್ಧ. ನೀರೊಳಗೆ ಉಸಿರು ಕಟ್ಟಿ ಹಿಡಿದಷ್ಟೂ ಮೈಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ನಿಮಗೆ ಉಸಿರು ಸಾಲದು ಅನಿಸುವುದಕ್ಕೆ ಮುಖ್ಯ ಕಾರಣ ಅದೇ, ಆಮ್ಲಜನಕ ಖಾಲಿಯಾಗಿದ್ದಲ್ಲ. ಆ ಗಾಬರಿಗೆ ತಲೆ ಇನ್ನೂ ಮೇಲೆತ್ತುತ್ತೀರಿ. ತಲೆ ಎದ್ದರೆ ಸೊಂಟ ಇಳಿಯುತ್ತದೆ, ಏತದ ಹಾಗೆ. ಕಾಲು ಕೆಳಗೆ ಜೋತುಬೀಳುತ್ತದೆ. ಅಲ್ಲಿಂದ ನೀವು ಮುಂದೆ ಹೋಗುತ್ತಿಲ್ಲ, ನೀರನ್ನು ಎದೆಯಿಂದ ತಳ್ಳುತ್ತಿದ್ದೀರಿ.

ಮುಖ ನೀರಿಗೆ ಹೋದ ತಕ್ಷಣ ಗುಳ್ಳೆ ಬಿಡಲು ಶುರು ಮಾಡಿ. ಮೂಗಿನಿಂದಲೋ ಬಾಯಿಂದಲೋ, ನಿಮಗೆ ಹೇಗೆ ಸುಲಭವೋ ಹಾಗೆ. ಜೋರಾಗಿ ಬೇಡ, ಸುಮ್ನೆ ಹಾಡು ಗುನುಗುವಷ್ಟು ಮೆಲ್ಲಗೆ. ಮುಖ ತಿರುಗಿಸಿದಾಗ ಒಂದು ಗಾಗಲ್ ನೀರೊಳಗೇ ಇರಬೇಕು. ತಲೆಯ ಮುಂದೆ ನೀರು ಸೀಳಿ ಅಲೆ ಏಳುತ್ತದಲ್ಲ, ಅದರ ಹಿಂದೆ ಬಾಯಿಯ ಹತ್ತಿರ ಒಂದು ಪುಟ್ಟ ತಗ್ಗು ಬೀಳುತ್ತದೆ. ಗಾಳಿ ಅಲ್ಲೇ ಇದೆ. ತಲೆ ಎತ್ತುವ ಅಗತ್ಯವೇ ಇಲ್ಲ. ಇದನ್ನು ನಂಬಲು ನನಗೆ ತಿಂಗಳುಗಟ್ಟಲೆ ಬೇಕಾಯಿತು, ಒಂದಷ್ಟು ನೀರನ್ನೂ ಕುಡಿದೆ.

ತಡವಾಗಿ ನೀರಿಗಿಳಿದವ

ಲೆಕ್ಕ ತಂದಿದ್ದೇನೆ. ಮೊದಲ ಲ್ಯಾಪ್ 24 ಸ್ಟ್ರೋಕ್, 34 ಸೆಕೆಂಡ್. ಇಪ್ಪತ್ತನೆಯದು 31 ಸ್ಟ್ರೋಕ್, 46 ಸೆಕೆಂಡ್. ನನಗೇ ನಾಚಿಕೆಯಾಯಿತು. ಕೈ ಏಳು ಸಲ ಜಾಸ್ತಿ ಆಡಿಸಿ 12 ಸೆಕೆಂಡ್ ನಿಧಾನ!

ಪುಲ್ ಬಾಯ್ ಇಟ್ಟುಕೊಂಡು ಒಂದು 100 ಮಾಡಿದೆ. ಆಗಲೇ ಸುಸ್ತಾಗಿದ್ದರೂ 2:38 ಬಂತು. ಕಾಲೇ ಆಡಿಸದೆ ವೇಗ ಹೆಚ್ಚುವುದು ಹೇಗೆ?

ಹಳೇ ಮೀನು

ಫೋಮ್ ತುಂಡು ನಿಮ್ಮ ಸೊಂಟವನ್ನು ಎತ್ತಿ ಹಿಡಿಯಿತು, ಅಷ್ಟೇ. ಅದಿಲ್ಲದಾಗ ಕಾಲು ಮುಳುಗಿರುತ್ತದೆ ಅಂತ ಅರ್ಥ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ನಿಮ್ಮಲ್ಲಿ ಕೈ ಎತ್ತು, ಕಾಲು ಕೋಣ.

ಹಾಗಂತ ದಿನಾ ಪುಲ್ ಬಾಯ್ ಹಾಕಿಕೊಂಡು ಕೂತುಬಿಡಬೇಡಿ. ಅದು ಊರುಗೋಲು. ಆ ಎತ್ತರದಲ್ಲಿ ಮೈ ತೇಲಿದಾಗ ಹೇಗಿರುತ್ತದೆ ಅಂತ ನೆನಪಿಟ್ಟುಕೊಳ್ಳಿ. 50 ಮೀಟರ್ ಹಾಕಿಕೊಂಡು, 50 ಮೀಟರ್ ತೆಗೆದು, ಹೀಗೆ ಬದಲಾಯಿಸಿ. ನೋಟ ಮುಂದಿನ ಗೋಡೆ ಕಡೆ ಬೇಡ, ನೇರ ತಳದ ಕಪ್ಪು ಗೆರೆ ಮೇಲಿರಲಿ. ಕತ್ತಿನ ಹಿಂಭಾಗ ಉದ್ದವಾಗಬೇಕು.

ಇನ್ನೊಂದು ಕೆಲಸ. ಯಾರ ಕೈಯಲ್ಲಾದರೂ ಫೋನ್ ಕೊಟ್ಟು ವಿಡಿಯೊ ಮಾಡಿಸಿ. ಒಂದು ಬದಿಯಿಂದ, ಒಂದು ಎದುರಿನಿಂದ. ಪೂಲ್‌ನವರ ಅನುಮತಿ ಕೇಳಿ, ಬೇರೆಯವರು ಚೌಕಟ್ಟಿನೊಳಗೆ ಬರದ ಹಾಗೆ.

ಓಡುವವ

ಕಾಲಿನ ಮಾತು ಬಂದಿದ್ದಕ್ಕೆ ನನ್ನ ಕಥೆ. ಹತ್ತು ವರ್ಷ ಓಡಿದವನು ನಾನು. ತೊಡೆಯಲ್ಲಿ ಬಲ ಬೇಕಾದಷ್ಟಿದೆ. ಮೊದಲ ದಿನ ಕಿಕ್ ಬೋರ್ಡ್ ಹಿಡಿದು ಜೋರಾಗಿ ಒದ್ದೆ. ಅರ್ಧ ನಿಮಿಷವಾದ ಮೇಲೆ ಪಕ್ಕ ನೋಡಿದರೆ ಅದೇ ಕಂಬ. ಇನ್ನೂ ಒದ್ದೆ. ಕಂಬ ಮುಂದಕ್ಕೆ ಹೋಯಿತು, ಅಂದರೆ ನಾನು ಹಿಂದಕ್ಕೆ ಹೋಗುತ್ತಿದ್ದೆ!

ಓಡುವವರ ಹಿಮ್ಮಡಿ ಕೀಲು ಬಿಗಿ. ಪಾದ ಹಿಂದಕ್ಕೆ ಚಾಚುವುದೇ ಇಲ್ಲ, ಕೊಕ್ಕೆಯ ಹಾಗೆ ನೀರನ್ನು ಹಿಡಿದು ನಿಲ್ಲುತ್ತದೆ. ಮೊಣಕಾಲು ಮಡಚಿ ಸೈಕಲ್ ತುಳಿದ ಹಾಗೆ ಒದೆಯುವುದು ಇನ್ನೊಂದು ತಪ್ಪು. ಕಿಕ್ ಸೊಂಟದಿಂದ ಬರಬೇಕು, ಪಾದ ಸಡಿಲವಾಗಿರಬೇಕು. ಪುಟ್ಟ ಫಿನ್ಸ್ (ಪಾದಕ್ಕೆ ತೊಡುವ ಈಜುರೆಕ್ಕೆ) ಹಾಕಿಕೊಂಡು ಸ್ವಲ್ಪ ದಿನ ಮಾಡಿದ ಮೇಲೆ ನನಗೆ ಅದರ ರುಚಿ ಗೊತ್ತಾಯಿತು.

ಲೇನ್ ನಂಬರ್ ಆರು

ನಾನು ಹೇಳುವುದೂ ಅದೇ. ಕಿಕ್ ಜೋರಾಗಿರಬೇಕು. ನೂರು ಮೀಟರ್ ಈಜು ಸ್ಪರ್ಧೆಯವರ ವಿಡಿಯೊ ನೋಡಿ, ಹಿಂದೆ ನೊರೆ ಎದ್ದಿರುತ್ತದೆ.

ಬೆಳಗಿನ ಬ್ಯಾಚ್

ಅವರು ಒಂದು ನಿಮಿಷದೊಳಗೆ ಮುಗಿಸಿ ಹೊರಗೆ ಬರುತ್ತಾರೆ. ಇವರು ಅರ್ಧ ಗಂಟೆ ನೀರಲ್ಲಿರಬೇಕು. ತೊಡೆ ಸ್ನಾಯು ದೊಡ್ಡದು, ಅದನ್ನು ಬಡಿದಷ್ಟೂ ಉಸಿರು ತಿನ್ನುತ್ತದೆ. ದೂರದ ಈಜಿಗೆ ಎರಡು ಕೈ ಸುತ್ತಿಗೆ ಎರಡೇ ಒದೆತ ಇಟ್ಟುಕೊಳ್ಳುವವರು ತುಂಬಾ ಮಂದಿ. ನಮ್ಮಂಥವರಿಗೆ ಕಿಕ್ ಇರುವುದು ಮುಂದೆ ನೂಕಲಿಕ್ಕಿಂತ ಮೈ ಸಮ ಇಡಲಿಕ್ಕೆ. ನೊರೆ ಬಂದರೆ ಶಕ್ತಿ ಗಾಳಿಗೆ ಹೋಗುತ್ತಿದೆ ಅಂತ ಲೆಕ್ಕ.

ತಡವಾಗಿ ನೀರಿಗಿಳಿದವ

ವಿಡಿಯೊ ನೋಡಿದೆ. ನನ್ನ ಮನಸ್ಸಿನಲ್ಲಿ ಇದ್ದ ನಾನೇ ಬೇರೆ, ಪರದೆಯಲ್ಲಿ ಇದ್ದವನೇ ಬೇರೆ.

ಕಂಡದ್ದು ಇಷ್ಟು. ಬಲಕ್ಕೆ ಉಸಿರು ತೆಗೆದುಕೊಳ್ಳುವಾಗ ಮುಂದೆ ಚಾಚಿದ ಎಡಗೈ ಸೀದಾ ಕೆಳಗೆ ಒತ್ತುತ್ತದೆ, ಮೇಜಿನ ಮೇಲೆ ಕೈಯೂರಿ ಎದ್ದ ಹಾಗೆ. ತಲೆ ಪೂರ್ತಿ ಹೊರಗೆ. ಅದೇ ಗಳಿಗೆಯಲ್ಲಿ ಎರಡೂ ಕಾಲು ಕತ್ತರಿಯ ಹಾಗೆ ಅಗಲ. ಎದುರಿನಿಂದ ತೆಗೆದದ್ದರಲ್ಲಿ ಎಡಗೈ ಮೂಗಿನ ಮುಂದಿನಿಂದ ಅಡ್ಡ ದಾಟಿ ಬಲಕ್ಕೆ ಹೋಗುತ್ತಿದೆ. ಮೈ ಹಾವಿನ ಹಾಗೆ ಅತ್ತಿತ್ತ.

ಹಳೇ ಮೀನು

ಶಹಬ್ಬಾಸ್, ಅರ್ಧ ಕೋಚ್ ಆಗಿಬಿಟ್ಟಿರಿ. ಇದೆಲ್ಲ ಒಂದೇ ತಪ್ಪಿನ ಮಕ್ಕಳು. ಗಾಳಿಗೆ ತಲೆ ಎತ್ತುತ್ತೀರಿ, ಎತ್ತಲು ಎಡಗೈ ಊರುತ್ತೀರಿ, ಬೀಳದಿರಲು ಕಾಲು ಅಗಲಿಸುತ್ತೀರಿ. ಊರಿದ ಆ ಕೈ ನೀರನ್ನು ಕೆಳಗೆ ತಳ್ಳುತ್ತಿದೆ, ಹಿಂದಕ್ಕಲ್ಲ. ಅಷ್ಟು ಶ್ರಮವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಒಂದೇ ಒಂದು ಡ್ರಿಲ್ ಹೇಳುತ್ತೇನೆ. ಪಕ್ಕಕ್ಕೆ ಮಲಗಿ, ಕೆಳಗಿನ ಕೈ ಮುಂದೆ ಚಾಚಿ, ಮೇಲಿನ ಕೈ ತೊಡೆ ಮೇಲಿಟ್ಟು ಮೆಲ್ಲಗೆ ಕಿಕ್ ಮಾಡಿ. ಮುಖ ನೀರಲ್ಲಿ. ಉಸಿರು ಬೇಕಾದಾಗ ಬರೀ ಮುಖ ತಿರುಗಿಸಿ, ಚಾಚಿದ ಕೈ ಕದಲಬಾರದು. ಆರು ಕಿಕ್ ಆದ ಮೇಲೆ ಒಂದು ಸ್ಟ್ರೋಕ್ ಹಾಕಿ ಇನ್ನೊಂದು ಬದಿಗೆ ಹೊರಳಿ. ಪ್ರತಿ ಸಲ ಈಜಿಗೆ ಮುಂಚೆ 200 ಮೀಟರ್, ಬೇಕಿದ್ದರೆ ಫಿನ್ಸ್ ಹಾಕಿಕೊಂಡು. ಬೇಸರ ಬರುತ್ತದೆ, ಬರಲಿ.

ಆಮೇಲೆ ಕೈ ನೀರಿಗೆ ಇಳಿಯುವುದು ಭುಜದ ನೇರಕ್ಕೆ, ರೈಲು ಹಳಿಯ ಹಾಗೆ ಎರಡು ಕೈ ಎರಡು ಹಳಿ. ಎಳೆಯುವಾಗ ಮೊಣಕೈ ಮೇಲೇ ಉಳಿದು, ಮೊದಲು ಬೆರಳ ತುದಿ, ಹಿಂದೆಯೇ ಮುಂಗೈ ಕೆಳಗೆ ಬಾಗಬೇಕು. ಅಂಗೈಯಿಂದ ಮಾತ್ರ ಎಳೆಯುವುದಲ್ಲ, ಮೊಣಕೈವರೆಗಿನ ಇಡೀ ಮುಂಗೈ ದೋಣಿಯ ಹುಟ್ಟಿನ ಹಾಗೆ. ಮುಷ್ಟಿ ಕಟ್ಟಿ ನಾಲ್ಕು ಲ್ಯಾಪ್ ಈಜಿ ನೋಡಿ. ಆಮೇಲೆ ಬೆರಳು ಬಿಡಿಸಿದಾಗ ನೀರು ಕೈಗೆ ಸಿಗುವುದು ಗೊತ್ತಾಗುತ್ತದೆ.

ಗಡಿಯಾರ ನೋಡು

ತಂತ್ರದ ಬಗ್ಗೆ ಎಲ್ಲ ಸರಿಯಾಗೇ ಹೇಳಿದ್ದಾರೆ. ನನ್ನ ತಕರಾರು ಬೇರೆ. ಮೊದಲ ಪೋಸ್ಟ್‌ನಲ್ಲೇ ಕಾರಣ ಇದೆ, ಯಾರೂ ಎತ್ತಲಿಲ್ಲ. "ಪ್ರತಿ ದಿನ ಅದೇ 40 ಲ್ಯಾಪ್."

ನೀವು ದಿನಾ ಅಭ್ಯಾಸ ಮಾಡುತ್ತಿರುವುದು ನಿಧಾನ ಈಜನ್ನು ಸ್ವಾಮಿ. 40ರಲ್ಲಿ ಮೊದಲ ಎಂಟು ಲ್ಯಾಪ್ ಮಾತ್ರ ಸುಮಾರಾಗಿ ಇರುತ್ತದೆ. ಉಳಿದ 32ರಲ್ಲಿ 31 ಸ್ಟ್ರೋಕ್ ಹಾಕಿ, ತಲೆ ಎತ್ತಿ, ಕಾಲು ಮುಳುಗಿಸಿ ಈಜುವುದನ್ನು ಮೈಗೆ ಕಲಿಸುತ್ತೀರಿ. ವಾರಕ್ಕೆ ಮೂರು ಸಲ. ಮೈ ಚೆನ್ನಾಗಿ ಕಲಿತಿದೆ.

ದೂರವನ್ನು ತುಂಡು ಮಾಡಿ. 1000 ಬದಲು 50 ಮೀಟರ್‌ನ 20 ತುಂಡು, ನಡುವೆ 15 ಸೆಕೆಂಡ್ ವಿರಾಮ. ದೂರ ಅಷ್ಟೇ. ಆದರೆ ಪ್ರತಿ ತುಂಡೂ ಒಳ್ಳೇ ಈಜು. ಯಾವ ವೇಗಕ್ಕೆ ಅಂತ ಕೇಳಿದರೆ, ಅದಕ್ಕೊಂದು ಪರೀಕ್ಷೆ ಇದೆ, ಕ್ರಿಟಿಕಲ್ ಸ್ವಿಮ್ ಸ್ಪೀಡ್, ಚಿಕ್ಕದಾಗಿ ಸಿಎಸ್‌ಎಸ್ ಅಂತಾರೆ. ವಾರ್ಮ್ ಅಪ್ ಆದ ಮೇಲೆ 400 ಮೀಟರ್ ಪೂರ್ತಿ ಶ್ರಮ ಹಾಕಿ ಈಜಿ, ಸಮಯ ಬರೆದುಕೊಳ್ಳಿ. ಚೆನ್ನಾಗಿ ಸುಧಾರಿಸಿಕೊಂಡು 200 ಹಾಗೇ ಈಜಿ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದು ಎರಡರಿಂದ ಭಾಗಿಸಿ. ಬಂದದ್ದು ನೂರು ಮೀಟರ್‌ಗೆ ನೀವು ತುಂಬಾ ಹೊತ್ತು ಹಿಡಿದಿಡಬಲ್ಲ ವೇಗ, ಹೆಚ್ಚುಕಮ್ಮಿ.

ಮೊದಲ ನೂರನ್ನು 2:25ಕ್ಕೆ ಓಡಿಸುವ ಚಟವನ್ನೂ ಬಿಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬಾಬಿ ಫಿಂಕ್ 1500 ಮೀಟರ್ ಅನ್ನು 14:30.67ಕ್ಕೆ ಮುಗಿಸಿ ವಿಶ್ವದಾಖಲೆ ಬರೆದರು. ಸರಾಸರಿ ನೂರಕ್ಕೆ 58 ಸೆಕೆಂಡ್, ಅಂಥ ಹದಿನೈದು ನೂರು. ಒಂದೇ ಒಂದು ನೂರು ಈಜಿ ಅಂದರೆ ಅವರು ಅದಕ್ಕಿಂತ ಎಷ್ಟೋ ಬೇಗ ಮುಗಿಸುತ್ತಾರೆ. 1500ರಲ್ಲಿ ಹಾಗೆ ಮಾಡುವುದಿಲ್ಲ. ನೀವು ಮಾತ್ರ ಸರಾಸರಿಗಿಂತ 35 ಸೆಕೆಂಡ್ ಜೋರಾಗಿ ಹೊರಡುತ್ತೀರಿ!

ತಡವಾಗಿ ನೀರಿಗಿಳಿದವ

ಪರೀಕ್ಷೆ ಮಾಡಿದೆ. 400ಕ್ಕೆ 11:00, 200ಕ್ಕೆ 5:14. ಕಳೆದರೆ 5:46, ಅರ್ಧ 2:53. ಅಂದರೆ 50ಕ್ಕೆ 1:26. ಸರಿನಾ?

ಗಡಿಯಾರ ನೋಡು

ಸರಿ. 20 ತುಂಡನ್ನೂ 1:26ಕ್ಕೇ ಈಜಿ. ಮೊದಲ ಐದು ತೀರಾ ಸುಲಭ ಅನಿಸುತ್ತದೆ, ಆಸೆಗೆ ಬಿದ್ದು ಜೋರು ಮಾಡಬೇಡಿ. ಹದಿನೈದರ ಮೇಲೆ ಗೊತ್ತಾಗುತ್ತದೆ. ಮೂರು ವಾರ ಸಲೀಸಾದರೆ 100ರ ಹತ್ತು, 20 ಸೆಕೆಂಡ್ ವಿರಾಮ. ಆಮೇಲೆ 200ರ ಐದು. ವಾರದಲ್ಲಿ ಒಂದು ದಿನ ಮಾತ್ರ ಹೀಗೆ ಗಡಿಯಾರದ ಜತೆ ಗುದ್ದಾಟ. ಒಂದು ದಿನ ಬರೀ ಡ್ರಿಲ್ ಮತ್ತು ಆರಾಮ ಈಜು. ಇನ್ನೊಂದು ದಿನ 25ರ ಹನ್ನೆರಡು ಜೋರು ಲ್ಯಾಪ್, ಪ್ರತಿಯೊಂದರ ನಡುವೆ ಸಾಕಷ್ಟು ವಿರಾಮ. ನಾಲ್ಕನೇ ದಿನ ಸಿಕ್ಕರೆ ಅರ್ಧ ಗಂಟೆಯಾದರೂ ಹೋಗಿ. ವಾರಕ್ಕೊಮ್ಮೆ ಎರಡು ಗಂಟೆ ಒದ್ದಾಡುವುದಕ್ಕಿಂತ ಪದೇ ಪದೇ ಸ್ವಲ್ಪ ಸ್ವಲ್ಪ ನೀರು ಮುಟ್ಟುವುದು ಮೇಲು.

ಭುಜ ಕೆಟ್ಟವನು

ಒಂದು ಎಚ್ಚರಿಕೆ ಸೇರಿಸುತ್ತೇನೆ. ವೇಗ ಬೇಕು ಅಂತ ನಾನು ಎರಡನೇ ತಿಂಗಳಲ್ಲೇ ದೊಡ್ಡ ಪ್ಯಾಡಲ್ಸ್ (ಅಂಗೈಗೆ ಕಟ್ಟಿಕೊಳ್ಳುವ ಹಲಗೆ) ತೊಟ್ಟೆ. ಕೈ ಅಡ್ಡ ದಾಟುವ ತಪ್ಪು ನನಗೂ ಇತ್ತು, ಹೆಬ್ಬೆರಳು ಮೊದಲು ನೀರಿಗೆ ಚುಚ್ಚುವ ಅಭ್ಯಾಸವೂ ಇತ್ತು. ಮೂರು ವಾರಕ್ಕೆ ಭುಜದ ಮುಂಭಾಗದಲ್ಲಿ ಸೂಜಿ ಚುಚ್ಚಿದ ಹಾಗೆ ನೋವು. ಅಂಗಿ ತೋಳಿಗೆ ಕೈ ಹಾಕಲಿಕ್ಕೂ ಆಗುತ್ತಿರಲಿಲ್ಲ. ನಾಲ್ಕು ತಿಂಗಳು ನೀರಿನಿಂದ ದೂರ. ಸ್ನಾಯು ಸುಸ್ತಾಗುವುದು ಬೇರೆ, ಕೀಲು ನೋಯುವುದು ಬೇರೆ. ಎರಡನೆಯದಾದರೆ ಆ ದಿನ ಅಲ್ಲಿಗೇ ನಿಲ್ಲಿಸಿ. ಎಳೆತ ಸರಿಯಾಗುವವರೆಗೆ ಪ್ಯಾಡಲ್ಸ್ ಮುಟ್ಟಬೇಡಿ.

ತಡವಾಗಿ ನೀರಿಗಿಳಿದವ

ನಾಲ್ಕನೇ ವಾರ. ಒಂದು ಸಂತೋಷ, ಒಂದು ಗೊಂದಲ. ಗುಳ್ಳೆ ಬಿಡುವುದು ಈಗ ರೂಢಿಯಾಗಿದೆ, ಉಸಿರಾಟ ಬದಲಾಗಿದೆ. ಸ್ಟ್ರೋಕ್ ಕಡಿಮೆ ಮಾಡಬೇಕು ಅಂತ ಹಟಕ್ಕೆ ಬಿದ್ದು 21ಕ್ಕೆ ಇಳಿಸಿದೆ. ಆದರೆ ಲ್ಯಾಪ್‌ಗೆ 48 ಸೆಕೆಂಡ್! ಮೊದಲಿಗಿಂತ ನಿಧಾನ.

ಹಳೇ ಮೀನು

ಕೈ ಮುಂದೆ ಚಾಚಿ ಜಾರುತ್ತಾ ಕಾಯುತ್ತಿದ್ದೀರಿ, ಅಲ್ವಾ? ಪ್ರತಿ ಸ್ಟ್ರೋಕ್ ನಡುವೆ ಸ್ಟಾಪ್ ಕೊಡುವ ಬಸ್ಸಿನ ಹಾಗೆ. ನಿಂತ ಗಾಡಿಯನ್ನು ಪ್ರತಿ ಸಲ ಮತ್ತೆ ತಳ್ಳಬೇಕು. ಎಣಿಕೆ ಒಂದನ್ನೇ ನೋಡಿದರೆ ಹೀಗಾಗುತ್ತದೆ. ಸ್ಟ್ರೋಕ್ ಮತ್ತು ಸೆಕೆಂಡ್ ಎರಡನ್ನೂ ಕೂಡಿಸಿ ನೋಡಿ, ಸ್ವಾಲ್ಫ್ ಅಂತಾರೆ. ನಿಮ್ಮ ಮೊದಲ ಲ್ಯಾಪ್ 24 ಮತ್ತು 34, ಒಟ್ಟು 58. ಈಗ 21 ಮತ್ತು 48, ಒಟ್ಟು 69. 24, 25 ಸ್ಟ್ರೋಕ್ ನಿಮ್ಮ ಮೈಗೆ ಸರಿ ಅನಿಸುತ್ತದೆ. ಒಂದು ಕೈ ಮುಂದೆ ತಲುಪಿದ ತಕ್ಷಣ ಮುಂಗೈ ಬಾಗಲಿ.

ಗೋಡೆ ಹತ್ತಿರ ಏನು ಮಾಡುತ್ತೀರಿ ಅಂತ ಕೇಳುವುದೇ ಮರೆತಿದ್ದೆ.

ತಡವಾಗಿ ನೀರಿಗಿಳಿದವ

ಹಿಡಿದು, ಎರಡು ಉಸಿರು ತೆಗೆದುಕೊಂಡು, ಹೊರಡುತ್ತೇನೆ. ನಿಲ್ಲುವುದಿಲ್ಲ!

ಗಡಿಯಾರ ನೋಡು

ಅದಕ್ಕೇ ನಿಲ್ಲುವುದು ಅಂತಾರೆ. 😀 1000 ಮೀಟರ್‌ನಲ್ಲಿ 39 ಸಲ ತಿರುಗುತ್ತೀರಿ. ಪ್ರತಿ ಸಲ ಎರಡು ಸೆಕೆಂಡ್ ಉಳಿಸಿದರೆ 78 ಸೆಕೆಂಡ್. ಪಲ್ಟಿ ಹೊಡೆಯುವ ಟರ್ನ್ ಈಗ ಬೇಡ. ಒಂದು ಕೈ ಮುಟ್ಟಿಸಿ, ಮೊಣಕಾಲು ಎದೆಗೆ ತಂದು, ಪಕ್ಕಕ್ಕೆ ಬಿದ್ದು, ಮೇಲ್ಮೈಗಿಂತ ಸ್ವಲ್ಪ ಕೆಳಗೆ ಗೋಡೆ ಒದೆಯಿರಿ. ಎರಡು ಕೈ ಒಂದರ ಮೇಲೊಂದು, ತೋಳು ಕಿವಿಗೆ ಅಂಟಿರಲಿ. ಇಡೀ ಲ್ಯಾಪ್‌ನಲ್ಲಿ ನೀವು ಅತಿ ಜೋರಾಗಿ ಹೋಗುವುದು ಆ ಮೂರ್ನಾಲ್ಕು ಮೀಟರ್. ಅದನ್ನು ಕಳೆದುಕೊಳ್ಳಬೇಡಿ.

ಲೇನ್ ನಂಬರ್ ಆರು

ಉಸಿರಿನ ಸಮಸ್ಯೆಗೆ ನೀರೊಳಗೆ ಉಸಿರು ಕಟ್ಟಿ ಎರಡು ಲ್ಯಾಪ್ ಹೊಡೆಯುವ ಅಭ್ಯಾಸ ಒಳ್ಳೇದಲ್ವಾ? ಶ್ವಾಸಕೋಶ ದೊಡ್ಡದಾಗುತ್ತೆ.

ಬೆಳಗಿನ ಬ್ಯಾಚ್

ದಯವಿಟ್ಟು ಬೇಡ. ಇದು ಮಾತ್ರ ತಮಾಷೆಯ ವಿಷಯವಲ್ಲ. ಜೋರು ಜೋರಾಗಿ ಉಸಿರಾಡಿ ಆಮೇಲೆ ಮುಳುಗಿದರೆ ಇಂಗಾಲದ ಡೈಆಕ್ಸೈಡ್ ಇಳಿದಿರುತ್ತದೆ. ಹಾಗಾಗಿ ಉಸಿರು ಬೇಕು ಅನ್ನುವ ಸೂಚನೆ ಬರುವ ಮುಂಚೆಯೇ ಪ್ರಜ್ಞೆ ತಪ್ಪಬಹುದು. ಚೆನ್ನಾಗಿ ಈಜು ಬರುವವರೇ, ಆಳವಿಲ್ಲದ ನೀರಿನಲ್ಲೇ, ಹೀಗೆ ಸತ್ತಿದ್ದಾರೆ. ದೂರದ ಈಜಿಗೆ ಬೇಕಾದ್ದು ಉಸಿರು ಕಟ್ಟುವುದಲ್ಲ, ಬಿಡುವುದು.

ಲೇನ್ ನಂಬರ್ ಆರು

ಇದು ಗೊತ್ತಿರಲಿಲ್ಲ. ಹೇಳಿದ್ದಕ್ಕೆ ಥ್ಯಾಂಕ್ಸ್ ಮೇಡಂ. ವಾಪಸ್ ತೆಗೆದುಕೊಂಡೆ.

ಕೆರೆ ಈಜು

ಎರಡೂ ಬದಿಗೆ ಉಸಿರು ತೆಗೆದುಕೊಳ್ಳುವ ಬಗ್ಗೆ ಯಾರೂ ಹೇಳಲಿಲ್ಲ? ಮೂರು ಸ್ಟ್ರೋಕ್‌ಗೆ ಒಂದು ಉಸಿರು ಅಂತ ನಮಗೆ ಕಲಿಸಿದ್ದು.

ಹಳೇ ಮೀನು

ಅಭ್ಯಾಸಕ್ಕೆ ಒಳ್ಳೇದು, ಮೈ ಎರಡೂ ಕಡೆ ಸಮ ಹೊರಳುತ್ತದೆ. ಬಯಲು ನೀರಿನಲ್ಲಿ ಅಲೆ ಒಂದು ಕಡೆಯಿಂದ ಹೊಡೆದಾಗ ಇನ್ನೊಂದು ಕಡೆ ಬೇಕೇ ಬೇಕು. ಆದರೆ ವೇಗ ನೋಡುವ ದಿನ ಎರಡು ಸ್ಟ್ರೋಕ್‌ಗೊಂದು ಉಸಿರು ತೆಗೆದುಕೊಂಡರೆ ಪಾಪವೇನಿಲ್ಲ. ಒಲಿಂಪಿಕ್ಸ್‌ನ ದೂರದ ಈಜುಗಾರರೇ ಎಷ್ಟೋ ಮಂದಿ ಒಂದೇ ಬದಿಗೆ ತೆಗೆದುಕೊಳ್ಳುತ್ತಾರೆ.

ತಡವಾಗಿ ನೀರಿಗಿಳಿದವ

ಹತ್ತು ವಾರ ಆಯಿತು. ಇವತ್ತು ಮತ್ತೆ ಪೂರ್ತಿ 1000 ಈಜಿದೆ. ನಡುವೆ ಒಂದೇ ಸಲ ನೋಡಿದ್ದು, ಐದನೇ ವಾರ. ಆಗ 28:40 ಇತ್ತು.

ಇವತ್ತು 26:50. ನೂರಕ್ಕೆ ಸರಾಸರಿ 2:41. ಮೊದಲ ನೂರು 2:39, ಬೇಕಂತಲೇ ಹಿಡಿದಿಟ್ಟೆ. ಕೊನೆಯ ನೂರು 2:36. ಇಪ್ಪತ್ತನೇ ಲ್ಯಾಪ್ 26 ಸ್ಟ್ರೋಕ್. ಏಳನೇ ವಾರ ಒಂದೂ ಸೆಕೆಂಡ್ ಇಳಿಯದೆ ಬೇಜಾರಾಗಿ ಎರಡು ದಿನ ಹೋಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗಡಿಯಾರದ ದಿನ ಈಗಲೂ ಇಷ್ಟವಿಲ್ಲ. ಕಿಕ್ ಇನ್ನೂ ಕೋಣವೇ, ಆದರೆ ಎಳೆಯುವುದು ಬಿಟ್ಟು ಸುಮ್ಮನೆ ಹಿಂದೆ ಬರುತ್ತಿದೆ.

ಪಕ್ಕದ ಲೇನ್‌ನ ಹಿರಿಯರು ಇವತ್ತೂ ನನ್ನನ್ನು ದಾಟಿದರು. ಮುಂಚೆ ಏಳೆಂಟು ಸಲ ದಾಟುತ್ತಿದ್ದವರು, ಇವತ್ತು ನಾಲ್ಕೇ ಸಲ. ಮುಗಿದ ಮೇಲೆ ಗೋಡೆ ಹಿಡಿದು ನಿಂತಿದ್ದೆ. ಅವರು ಗಾಗಲ್ಸ್ ಹಣೆಗೇರಿಸಿ ಮೊದಲ ಸಲ ಮಾತಾಡಿದರು: "ಚೆನ್ನಾಗಿ ಬರ್ತಿದೆಯಪ್ಪ. ಎಡಗೈ ಮಾತ್ರ ಇನ್ನೂ ಅಡ್ಡ ಬರುತ್ತೆ, ನೋಡ್ಕೋ."